ಕಡಿದ ಎಳೆ ಕೂಡಿಸುವವರ ಪರವಾನಗಿ ನವೀಕರಣ ಕುರಿತು

ಕಚೇರಿ: ಸಂಬಂಧಪಟ್ಟ ಇಲಾಖೆ, ಸೊಲ್ಲಾಪುರ (ಅಕ್ಕಲಕೋಟ ಶಾಖೆ)
ರಾಜ್ಯ: (ಗಡಿ ಗಟ್ಟಿಯಾಗುವವರೆಗೆ ಖಾಲಿ ಬಿಡಲಾಗಿದೆ)
ಸುತ್ತೋಲೆ ಸಂಖ್ಯೆ: ಹೊಕು/ನವೀ/ಎಳೆ/೧೯೫೭

ವಿಷಯ: ಹೊರದೇಶದ ಗಿರಣಿಗಳಲ್ಲಿ ದುಡಿಯುವ ಕುಶಲಕರ್ಮಿಗಳ ಕೆಲಸದ ಪರವಾನಗಿಯ ನವೀಕರಣ, ಅವರ ಬದಲಿಗೆ ಮನೆಯವರು ಬಂದು ಕೈಚಳಕ ತೋರಿಸುವುದು, ಹಾಗೂ ತೋರಿಸಬಾರದೆಂದು ಬಂದವರು ತೋರಿಸಿಬಿಡುವುದು.

ಉಲ್ಲೇಖ:
(ಅ) ತಡವಳದ ಸಿದ್ರಾಮ ಪೀರಪ್ಪ ಇವರು ಪೂರ್ವ ಆಫ್ರಿಕಾದಿಂದ ಬರೆದ ಅರ್ಜಿ.
(ಆ) ಸದರಿ ಅರ್ಜಿ ತಲುಪಿಲ್ಲವೆಂದು ಈ ಕಚೇರಿ ಅವರಿಗೆ ಬರೆದ ಉತ್ತರ.
(ಇ) ಸದರಿಯವರ ಹೆಂಡತಿ ಸೋಮವ್ವ ಇವರು ಕಚೇರಿಯ ಪಡಸಾಲೆಯಲ್ಲಿ ಮಾವನೊಂದಿಗೆ ಆಡಿದ ಮಾತು. ಯಾರೂ ಕೇಳುತ್ತಿಲ್ಲವೆಂಬ ನಂಬಿಕೆಯ ಮೇಲೆ ಆಡಿದ್ದು.

೧. ಹೊರದೇಶಕ್ಕೆ ಕುಶಲ ಕೆಲಸಕ್ಕೆಂದು ಹೋದವರು ಅಲ್ಲಿರುವ ಪರವಾನಗಿಯನ್ನು ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳತಕ್ಕದ್ದು. ಆ ದೇಶದ ಸರಕಾರ ಕೇಳುವುದು ಎರಡೇ ಮಾತು. ಒಂದು, ಈ ಕೆಲಸ ಅಲ್ಲಿನವರಿಗೆ ಬರುವುದಿಲ್ಲವೆಂದು ತೋರಿಸಬೇಕು. ಇನ್ನೊಂದು, ಈ ಕೆಲಸವನ್ನು ಅಲ್ಲಿನವರಿಗೆ ಕಲಿಸಿದ್ದಾಗಿದೆಯೆಂದೂ ತೋರಿಸಬೇಕು. ಇವೆರಡರ ನಡುವೆ ತೊಡಕಿದೆಯೆಂದು ಕೆಲವರು ಗೊಣಗಿದ್ದು ಇಲಾಖೆಯ ಕಿವಿಗೆ ಬಿದ್ದಿದೆ. ತೊಡಕೇನೂ ಇಲ್ಲ. ಕುಶಲಕರ್ಮಿಯು ಮನಸಾರೆ ಕಲಿಸತಕ್ಕದ್ದು, ಮತ್ತು ಕಲಿಯುವವರು ಕಲಿಯದಂತೆ ನೋಡಿಕೊಳ್ಳತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.

೨. ಕೈಚಳಕ ಇನ್ನೂ ಉಳಿದಿದೆಯೆಂಬ ಪ್ರಮಾಣಪತ್ರವನ್ನು ಹುಟ್ಟೂರಿನ ಶಾಖೆಯೇ ಕೊಡಬೇಕಾಗಿರುವುದರಿಂದ, ಕುಶಲಕರ್ಮಿಯು ಅಕ್ಕಲಕೋಟಕ್ಕೆ ಖುದ್ದಾಗಿ ಬಂದು ಕೆಲಸ ಮಾಡಿ ತೋರಿಸತಕ್ಕದ್ದು. ಆದರೆ ಆ ದೇಶ ಬಿಟ್ಟ ಗಳಿಗೆಗೇ ಪರವಾನಗಿ ರದ್ದಾಗುವುದರಿಂದ, ಅಲ್ಲಿಂದ ಹೊರಡದೆ ಇಲ್ಲಿಗೆ ಬರತಕ್ಕದ್ದು. ಈ ನಿಯಮವನ್ನು ಈವರೆಗೆ ಯಾರೂ ಪಾಲಿಸಿಲ್ಲ. ಜನರಲ್ಲಿ ಶಿಸ್ತು ಕಡಿಮೆಯಾಗಿರುವುದನ್ನು ಮನಗಂಡು, ಅವರ ಬದಲಿಗೆ ಅದೇ ಮನೆಯ, ಅದೇ ಕೆಲಸ ಬಲ್ಲ ಒಬ್ಬರು ಬರಬಹುದೆಂಬ ರಿಯಾಯತಿ ನೀಡಲಾಗಿದೆ. ಮನೆ ಒಂದೇ ಆದಮೇಲೆ ಕೈ ಯಾರದಾದರೇನು ಎಂಬುದು ಇಲಾಖೆಯ ನಿಲುವು.

೩. ಸದರಿ ಸಿದ್ರಾಮ ಕುರಿ ಕಾಯುವ, ಕಂಬಳಿ ನೇಯುವ ಮನೆತನದವರು. ಮೊದಲು ಸೊಲ್ಲಾಪುರದಲ್ಲಿ ಗಿರಣಿ ಕೆಲಸ, ಮದುವೆಯಾದ ವರ್ಷವೇ ಹಡಗು ಹತ್ತಿ ಪೂರ್ವ ಆಫ್ರಿಕಾದ ಕಂಬಳಿ ಗಿರಣಿ. ಹೋದವರು ಒಮ್ಮೆಯೂ ಬಂದಿಲ್ಲ. ಅಲ್ಲಿ ಅವರ ಹುದ್ದೆ 'ಎಳೆ ಸಂಯೋಜನಾ ತಜ್ಞ'. ಅಂದರೆ ಉಣ್ಣೆಯ ನೂಲು ಕಡಿದಾಗ ಗಂಟು ಹಾಕದೆ, ಎರಡು ತುದಿಗಳನ್ನು ಅಂಗೈಯಲ್ಲಿ ಹೊಸೆದು ಕೂಡಿಸುವುದು. ತಡವಳದ ಆ ಮನೆಗಳಲ್ಲಿ ಇದನ್ನು ಅಜ್ಜಿಯಿಂದ ಸೊಸೆಯವರೆಗೆ ಎಲ್ಲರೂ ಮಾಡುತ್ತಾರೆ. ಕಡಿದ ಎಳೆಯನ್ನು ಕಣ್ಣೆದುರು ಹಾಗೇ ಬಿಟ್ಟು ಏಳುವ ಪದ್ಧತಿ ಅಲ್ಲಿಲ್ಲ. ಊರಲ್ಲಿ ರೂಢಿಯಾಗಿದ್ದದ್ದು ಸಮುದ್ರ ದಾಟಿದೊಡನೆ ತಜ್ಞತೆಯಾಗುವುದಕ್ಕೆ ಇಲಾಖೆ ಹೊಣೆಯಲ್ಲ.

೪. ಸಿದ್ರಾಮ ಇವರ ಬದಲಿಗೆ ಸೋಮವ್ವ ಇವರು ಮಾವ ಪೀರಪ್ಪ ಅವರೊಂದಿಗೆ, ನೂಲುಂಡೆಯ ಬುಟ್ಟಿ ಹೊತ್ತು ಎಸ್.ಟಿ. ಬಸ್ಸಿನಲ್ಲಿ ಬಂದರು. ಕರೆಯುವವರೆಗೆ ಪಡಸಾಲೆಯಲ್ಲಿ ಕೂರಿಸಲಾಯಿತು. ಆಗ ಪೀರಪ್ಪನವರು, "ಪರವಾನಗಿ ಆತಂದ್ರ ಇನ್ನೂ ಅಲ್ಲೇ ಇರ್ತಾನವ್ವಾ. ನಮ್ಮ ಮನಿತನದಾಗ ಮತ್ತ ಯಾರ ಹಡಗ ಹತ್ಯಾರ? ಬೀರೋಬಾನ ಗುಡ್ಯಾಗ ಮಂದಿ ನನ್ನ ಕರದ ಕುಂದರಸ್ತಾರ" ಎಂದರು. ಅದಕ್ಕೆ ಸೋಮವ್ವ ಇವರು, "ನಿಮಗ ಗುಡ್ಯಾಗ ಜಾಗಾ ಸಿಕ್ಕದರಿ ಮಾವಾರ. ನನಗ ಮನ್ಯಾಗ ಮನಿಶ್ಯಾ ಬೇಕಾಗ್ಯದ. ಇವತ್ತ ನಾ ಎಳಿ ಕೂಡ್ಸಂಗಿಲ್ಲ. ಹೆಂಡ್ತಿಗಿ ಬರಂಗಿಲ್ಲ ಅಂದ್ರ ಗಂಡಗೂ ಬರಂಗಿಲ್ಲಂತ ಬರಕೊಳ್ಳಲಿ. ಪರವಾನಗಿ ಮುರದ್ರ ಹೊಳ್ಳಿ ಬರ್ತಾರ" ಎಂದರು. ಇದನ್ನು ಕಾರಕೂನ ಅಮೃತಪ್ಪ ಇವರು ಕಿಟಕಿಯ ಒಳಗಿನಿಂದ, ಕಣ್ಣೊರೆಸಿಕೊಳ್ಳುತ್ತ, ದಾಖಲಿಸಿದ್ದಾರೆ. ಇನ್ನು ಮುಂದೆ ಪಡಸಾಲೆಯಲ್ಲಿ ಮನಸ್ಸಿನ ಮಾತು ಆಡುವವರು ಮುಂಗಡ ಅರ್ಜಿ ಕೊಡತಕ್ಕದ್ದು, ಕಿಟಕಿ ಮುಚ್ಚಲಾಗುವುದು.

೫. ಪರೀಕ್ಷಾಧಿಕಾರಿ ಶಾಂತಲಿಂಗಪ್ಪ ಇವರು ಕಡಿದ ನೂಲೊಂದನ್ನು ಮೇಜಿನ ಮೇಲಿಟ್ಟು, ಕೂಡಿಸಲು ಸೂಚಿಸಿದರು. ಸೋಮವ್ವ ಇವರು ಆ ನೂಲನ್ನು ನೋಡದೆ ಗೋಡೆ ನೋಡುತ್ತ, ಕೈ ಎರಡನ್ನೂ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, "ನನಗ ಬರಂಗಿಲ್ರಿ ಸಾಹೇಬರ" ಎಂದರು. ಮತ್ತೆ ಕೇಳಲಾಯಿತು. ಮತ್ತೆ ಅದೇ ಉತ್ತರ. ನಿರಾಕರಣೆ ಬರೆಯುವುದು ಮಂಜೂರಾತಿಗಿಂತ ಹಗುರ ಕೆಲಸವಾದ್ದರಿಂದ ಸಾಹೇಬರು ಸಂತೋಷದಿಂದಲೇ 'ಕೈಚಳಕ ಇಲ್ಲ' ಎಂದು ಬರೆದು, ಕಡತ ಕಟ್ಟಲು ಪಟ್ಟೇವಾಲ ಭೀಮಣ್ಣನಿಗೆ ಕೊಟ್ಟರು. ಸೋಮವ್ವ ಇವರ ಮುಖ ಅರಳಿತು. ಪರೀಕ್ಷೆಯಲ್ಲಿ ನಪಾಸಾಗಿ ಇಷ್ಟು ಹಿಗ್ಗಿದವರನ್ನು ಈ ಕಚೇರಿ ಕಂಡಿರಲಿಲ್ಲ. ಸೆರಗಿನ ಸುತ್ತು ಸಡಿಲವಾಯಿತು.

೬. ಕಚೇರಿಯಲ್ಲಿ ಕೆಂಪು ದಾರ ಮುಗಿದಿತ್ತು. ಭೀಮಣ್ಣನು ಬುಟ್ಟಿಯಲ್ಲಿದ್ದ ನೂಲುಂಡೆಯಿಂದ ಒಂದು ಮಾರು ಹರಿದುಕೊಂಡು ಕಡತಕ್ಕೆ ಸುತ್ತಿ, ಸರಕಾರಿ ಬಲದಿಂದ ಜಗ್ಗಿದನು. ನೂಲು ನಡುವೆ ಕಡಿಯಿತು. ಆಗ ಸೋಮವ್ವ ಇವರು, "ಅಯ್ಯ, ಹಂಗ ಜಗ್ಗತಾರೇನೋ ಯಣ್ಣಾ, ಕೊಡಿಲ್ಲಿ" ಎನ್ನುತ್ತ ಎರಡೂ ತುದಿ ಹಿಡಿದು, ಬೆರಳು ನಾಲಿಗೆಗೆ ತಾಗಿಸಿ, ಅಂಗೈಯಲ್ಲಿ ಒಂದು ಸಲ ಹೊಸೆದು ತಿರುಗಿ ಕೊಟ್ಟರು. ಕೊಟ್ಟ ಮೇಲೆ ತಾವು ಮಾಡಿದ್ದೇನೆಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಕೂಡಿಸಿದ ಜಾಗ ಯಾವುದೆಂದು ಸಾಹೇಬರು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ. 'ಇಲ್ಲ' ಎಂಬ ಕಡತವನ್ನು 'ಇದೆ' ಎಂಬ ದಾರದಿಂದ ಕಟ್ಟುವುದು ನಿಯಮಬಾಹಿರ. ದಾರವನ್ನು ಬದಲಿಸಲು ಬೇರೆ ದಾರ ಇಲ್ಲದ್ದರಿಂದ ಕಡತವನ್ನೇ ಬದಲಿಸಿ, ನವೀಕರಣಕ್ಕೆ ಒಪ್ಪಿಗೆ ಬರೆಯಲಾಯಿತು.

೭. ಪೀರಪ್ಪನವರು ಆನಂದದಿಂದ ಬೀರೋಬಾನ ಭಂಡಾರದ ಅರಿಸಿನವನ್ನು ಸಾಹೇಬರ ಹಣೆಗೂ ಮೇಜಿಗೂ ಎರಚಿದರು. ಇನ್ನು ಮುಂದೆ ಕಚೇರಿಯ ಕಾಗದಗಳ ಮೇಲೆ ಅರಿಸಿನ ಎರಚಕೂಡದು. ಈಗಾಗಲೇ ಅರಿಸಿನ ಬಿದ್ದ ಅರ್ಜಿಗಳನ್ನೆಲ್ಲ ಮಂಜೂರಾದವೆಂದು ಭಾವಿಸತಕ್ಕದ್ದು. ಅವುಗಳಲ್ಲಿ ಕೆಲವು ಭೀಮಣ್ಣನ ರಜೆಯ ಅರ್ಜಿಗಳಾಗಿವೆ.

೮. ಸೋಮವ್ವ ಇವರು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ, "ಈ ಸುಡಗಾಡ ಕೈಗಿ ಏನ ಹೇಳ್ಲಿ? ನಾನೇ ನನ್ನ ಗಂಡನ್ನ ದೂರ ಇಟ್ಟಂಗ ಆತಲ್ಲ" ಎಂದು ಅತ್ತರು. ಇದರಿಂದ ಇಲಾಖೆಗೆ ದುಃಖವಾಯಿತು. ಇಲಾಖೆಗೆ ದುಃಖವಾಗಲು ಅವಕಾಶವಿಲ್ಲದ್ದರಿಂದ, ಸದರಿ ದುಃಖವನ್ನು ಕಾರಕೂನ ಅಮೃತಪ್ಪ ಇವರ ಖಾಸಗಿ ಹೆಸರಿಗೆ ವರ್ಗಾಯಿಸಲಾಗಿದೆ. ಅವರು ಆಕ್ಷೇಪಿಸಿಲ್ಲ. ಒಮ್ಮೆ ತೋರಿಸಿದ ಕೈಚಳಕವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲವೆಂದು ಸೋಮವ್ವ ಇವರಿಗೆ ತಿಳಿಸಲಾಯಿತು.

೯. ಪ್ರಮಾಣಪತ್ರದ ಕಟ್ಟನ್ನು ಸದರಿ ನೂಲಿನಿಂದಲೇ ಕಟ್ಟಿ ಸಿದ್ರಾಮ ಇವರಿಗೆ ರವಾನಿಸಲಾಯಿತು. ಜೊತೆಯ ಪತ್ರದ ಕೊನೆಗೆ ಹೀಗೊಂದು ನಿಯಮ ಇತ್ತು: 'ಈ ನೂಲನ್ನು ಕೂಡಿಸಿದ್ದು ನಿಮ್ಮ ಹೆಂಡತಿ. ಕೂಡಿಸಿದ ಜಾಗವನ್ನು ಗುರುತಿಸಿ, ಅಲ್ಲಿಯೇ ಕಡಿದು ವಾಪಸು ಕಳುಹಿಸಿದಲ್ಲಿ, ನವೀಕರಣ ಬೇಡ, ಊರಿಗೆ ಬರುತ್ತೇನೆ ಎಂದು ತಿಳಿಯಲಾಗುವುದು.' ಈ ನಿಯಮ ಕರಡಿನಲ್ಲಿ ಇರಲಿಲ್ಲ. ಸಾಹೇಬರು ಓದದೆ ಸಹಿ ಮಾಡುವಾಗ ಇತ್ತು. ಇದನ್ನು ಸೇರಿಸಿದವರು ಯಾರೆಂಬ ಬಗ್ಗೆ ಕಟ್ಟುನಿಟ್ಟಾದ ವಿಚಾರಣೆ ನಡೆಸಲು ಅಮೃತಪ್ಪ ಇವರನ್ನೇ ನೇಮಿಸಲಾಗಿದೆ. ಸುಳಿವು ಸಿಕ್ಕಿಲ್ಲವೆಂದು ಅವರು ವರದಿ ಮಾಡುತ್ತಲೇ ಇದ್ದಾರೆ.

೧೦. ಈ ಸುತ್ತೋಲೆ ಅಚ್ಚಿಗೆ ಹೋಗುವ ಮೊದಲೇ ಪೂರ್ವ ಆಫ್ರಿಕಾದಿಂದ ಲಕೋಟೆ ಬಂದಿದೆ. ಒಳಗೆ ಕಾಗದವಿಲ್ಲ, ನೂಲು ಮಾತ್ರ. ಎರಡು ತುಂಡು. ಅಂಚೆಯ ದಾರಿಯಲ್ಲಿ ತಾನಾಗಿ ಹರಿದಿರಬಹುದೆಂದು ಸಾಹೇಬರು ಶಂಕಿಸಿದ್ದರಿಂದ ಸೋಮವ್ವ ಇವರನ್ನು ಕರೆಸಲಾಯಿತು. ಅವರು ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಹರದದ್ದಲ್ರಿ ಇದು. ನಾ ಕೂಡ್ಸಿದಲ್ಲೇ ಹಲ್ಲಲೇ ಕಡದಾರ. ಅವ್ರು ಹಿಂಗೇ ಕಡೀತಿದ್ರು, ಬ್ಯಾಡಂದ್ರೂ ಕೇಳ್ತಿದ್ದಿಲ್ಲ" ಎಂದರು. ಇಲಾಖೆ ಇದನ್ನು ತಜ್ಞರ ಅಭಿಪ್ರಾಯವೆಂದು ಒಪ್ಪಿಕೊಂಡಿದೆ.

೧೧. ಹೀಗೆ ಹೇಳುತ್ತಿರುವಾಗಲೇ ಸೋಮವ್ವ ಇವರ ಬೆರಳು ನಾಲಿಗೆಗೆ ಹೋಗಿ, ಎರಡು ತುದಿಗಳೂ ಅಂಗೈ ಸೇರಿದ್ದವು. ಅಮೃತಪ್ಪ ಇವರು ಮೇಜು ಸುತ್ತಿ ಬರದೆ ಮೇಜಿನ ಮೇಲಿಂದಲೇ ಹಾರಿ, "ಬ್ಯಾಡ ತಂಗಿ, ಬ್ಯಾಡ! ಕೈ ಹಿಂದ ಕಟ್ಟಕೋ!" ಎಂದು ಕೂಗಿ ನೂಲನ್ನು ಕಸಿದುಕೊಂಡರು. ಕಚೇರಿಯ ಅವಧಿಯಲ್ಲಿ ಹಾರಿದ್ದಕ್ಕಾಗಿ ಅವರಿಗೆ ಎಚ್ಚರಿಕೆ ನೀಡಲಾಗಿದೆ. ಸಕಾಲದಲ್ಲಿ ಹಾರಿದ್ದಕ್ಕಾಗಿ ಮೆಚ್ಚುಗೆಯನ್ನೂ ವ್ಯಕ್ತಪಡಿಸಲಾಗಿದೆ. ಸಿದ್ರಾಮ ಇವರು ಹಡಗಿನಿಂದ ಇಳಿದು ತಡವಳ ಮುಟ್ಟುವವರೆಗೆ ಸದರಿ ನೂಲನ್ನು ಸೋಮವ್ವ ಇವರ ಕಣ್ಣಿಗೆ ಬೀಳದಂತೆ ಇಡತಕ್ಕದ್ದು ಎಂದು ಎಲ್ಲ ಸಿಬ್ಬಂದಿಗೆ ಈ ಮೂಲಕ ಆದೇಶಿಸಲಾಗಿದೆ.

(ಸಹಿ, ಈ ಸಲ ಓದಿದ ನಂತರ)
ಶಾಂತಲಿಂಗಪ್ಪ
ಪರೀಕ್ಷಾಧಿಕಾರಿ, ಅಕ್ಕಲಕೋಟ ಶಾಖೆ

ಪ್ರತಿಗಳು:
ಆ ದೇಶದ ಸರಕಾರಕ್ಕೆ: ಎಳೆ ಕೂಡಿಸುವುದನ್ನು ಇನ್ನು ಮೇಲೆ ನಿಜವಾಗಿಯೂ ಕಲಿತುಕೊಳ್ಳಲು.
ಪೀರಪ್ಪ, ತಡವಳ ಇವರಿಗೆ: ಹಡಗು ಹತ್ತಿದವನ ತಂದೆಯ ಜಾಗ ಹೋದರೂ, ಹಡಗು ಇಳಿದವನ ತಂದೆಯೆಂದು ಗುಡಿಯಲ್ಲಿ ಕೂರಲು ಅಡ್ಡಿಯಿಲ್ಲವೆಂಬ ಮಾಹಿತಿಗಾಗಿ.
ಪಟ್ಟೇವಾಲ ಭೀಮಣ್ಣನಿಗೆ: ಕೆಂಪು ದಾರ ತರಲು.
ಸೋಮವ್ವ, ತಡವಳ ಇವರಿಗೆ: ಓದಿಸಿ ಕೇಳಲು. ಕೇಳುವಾಗ ಕೈ ಸೆರಗಿನಲ್ಲಿರತಕ್ಕದ್ದು.