ಉಂಗುರ ಕಂಡ ಸಂಜೆ

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಆರಡಿ ಉದ್ದದ ಒಂದು ಪ್ಲಾಸ್ಟಿಕ್ ಪೈಪು. ಕನ್ನಡಕದಂಗಡಿಯವರು ಬೆಳಿಗ್ಗೆ ಅದನ್ನು ಹೆಗಲ ಮೇಲಿಟ್ಟುಕೊಂಡು ಟೆರೇಸಿಗೆ ಹತ್ತುತ್ತಿದ್ದರು. ಮೂರನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲು ತಪ್ಪಿ, ಪೈಪಿನ ತುದಿ ಹೋಗಿ ಕಟ್ಟಡದ ಸೆಕ್ರೆಟರಿಯವರ ಬಾಗಿಲಿಗೆ ಗುದ್ದಿತು.

"ಈಗಿನ ಬಲ್ಬುಗಳೇ ಸರಿಯಿಲ್ಲ ಸಾರ್. ಬೆಳಕು ಎಲ್ಲಾ ಕಡೆ ಚೆಲ್ಲಾಡುತ್ತೆ, ಮೆಟ್ಟಿಲೇ ಕಾಣಲ್ಲ," ಎಂದು ಗೊಣಗಿದರು.

ಸೆಕ್ರೆಟರಿಗೆ ಬಲ್ಬಿನ ಚಿಂತೆಯಿರಲಿಲ್ಲ. "ಪೈಪು ಯಾತಕ್ಕೆ?"

"ಆಕಾಶ ನೋಡೋಕೆ."

ಸೆಕ್ರೆಟರಿಯವರು ನೀರು ಸರಬರಾಜು ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಪೈಪು ಅಂದರೆ ನೀರು, ನೀರು ಅಂದರೆ ಕಳ್ಳತನ ಎಂದು ಸರ್ವೀಸು ಅವರಿಗೆ ಕಲಿಸಿತ್ತು. "ಹೂಂ, ನೋಡಿ ನೋಡಿ," ಎಂದು ಬಾಗಿಲು ಹಾಕಿಕೊಂಡರು.

ಕನ್ನಡಕದವರು ಹೇಳಿದ್ದು ನಿಜವೇ. ಹತ್ತು ವರ್ಷದವರಿದ್ದಾಗ ಪಾಠದ ಪುಸ್ತಕದಲ್ಲಿ ಶನಿಗ್ರಹದ ಚಿತ್ರ ಕಂಡು, ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದ ಅಪ್ಪನ ಮುಂದೆ ಹಿಡಿದಿದ್ದರು. "ಇಷ್ಟು ನುಣ್ಣಗೆ ಉಂಗುರ ಉಜ್ಜಿದ್ದು ಯಾರಪ್ಪಾ?"

ಅಪ್ಪ ಕೈಯಲ್ಲಿದ್ದ ಗಾಜು ಕೆಳಗಿಟ್ಟು ಬಹಳ ಹೊತ್ತು ಆ ಚಿತ್ರ ನೋಡಿದ್ದರು. "ಉಜ್ಜಿದೋನು ಕಾಣಲ್ಲ ಮಗಾ, ಅವನ ಕೆಲಸ ಕಾಣುತ್ತೆ. ಅದನ್ನ ಒಂದ್ಸಲ ಕಣ್ಣಾರೆ ನೋಡಿದ್ರೆ ಸಾಕು, ಅದೇ ಪೂಜೆ."

ಅಪ್ಪ ನೋಡದೆಯೇ ತೀರಿಕೊಂಡರು. ಅಂಗಡಿಯ ಜೊತೆಗೆ ಆ ಆಸೆಯೂ ಮಗನ ಪಾಲಿಗೆ ಬಂತು. ನಲವತ್ತು ವರ್ಷ ಊರವರ ಕಣ್ಣಿಗೆ ಗಾಜು ಕೂರಿಸಿದರೂ ಒಳಗೊಳಗೇ ಆ ಉಂಗುರಕ್ಕಾಗಿ ಹಂಬಲಿಸುತ್ತಿದ್ದರು. ಮೂರು ವರ್ಷ ಬಿಡುವಾದಾಗಲೆಲ್ಲ ಕೂತು, ಹೆಬ್ಬೆರಳಿನಲ್ಲೇ ನಯ ನೋಡುತ್ತ ಒಂದು ದೊಡ್ಡ ಗಾಜು ಉಜ್ಜಿ ಮುಗಿಸಿದ್ದರು. ಅದನ್ನು ಕೂರಿಸಿ ದೂರದರ್ಶಕ ಮಾಡಲೆಂದೇ ಈ ಪೈಪು. ಇಂದು ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ಶನಿ ಕಾಣುತ್ತದೆ. ಆಮೇಲೆ ಕಟ್ಟಡಗಳ ಹಿಂದೆ ಮರೆ. ದಿನದಿನಕ್ಕೂ ಕೆಳಗಿಳಿಯುತ್ತಿರುವ ಅದು ಈ ಸಂಜೆ ತಪ್ಪಿದರೆ ಮತ್ತೆ ಸಂಜೆಗೆ ಸಿಗುವುದು ಮುಂದಿನ ವರ್ಷವೇ.

"ಜನ ಶನಿ ಕಾಟ ಬಿಟ್ರೆ ಸಾಕು ಅಂತಾರೆ. ನೀವು ಪೈಪು ಹಿಡ್ಕೊಂಡು ಹುಡುಕ್ತೀರ," ಎಂದರು ಹೆಂಡತಿ. "ಕಣ್ಣಾದ್ರೂ ನೆಟ್ಟಗಿದೆಯಾ?"

"ನನ್ನ ಕಣ್ಣಾ? ವರ್ಷಾ ವರ್ಷಾ ಅಂಗಡಿ ಕುರ್ಚಿಯಲ್ಲಿ ಕೂತು ಅಕ್ಷರದ ಬೋರ್ಡು ಓದ್ತೀನಿ. ಕೊನೇ ಸಾಲಿನವರೆಗೂ ಒಂದು ತಪ್ಪಿಲ್ಲ!"

ಮಧ್ಯಾಹ್ನ ಕಟ್ಟಡದ ನಲ್ಲಿಗಳೆಲ್ಲ ಒಣಗಿದವು. ಕೆಟ್ಟಿದ್ದು ಪಂಪು. ಆದರೆ ಪೈಪನ್ನು ಕಣ್ಣಾರೆ ಕಂಡಿದ್ದ ಸೆಕ್ರೆಟರಿಗೆ ಪಂಪಿನ ತನಕ ಹೋಗುವ ಅಗತ್ಯ ಬೀಳಲಿಲ್ಲ. ಸಂಜೆ ಕನ್ನಡಕದವರು ಪೈಪನ್ನು ಪಡುವಣಕ್ಕೆ ನಿಲ್ಲಿಸಿ, ಇನ್ನೇನು ಕಣ್ಣಿಡಬೇಕು, ಅಷ್ಟರಲ್ಲಿ ಬಕೆಟ್ ಹಿಡಿದ ದಂಡು ಟೆರೇಸಿಗೆ ನುಗ್ಗಿತು. ಮೂರನೇ ಬಕೆಟ್ಟು ಅವರ ಹೆಂಡತಿಯದೇ. ಅವರ ಮನೆಯಲ್ಲೂ ನೀರಿರಲಿಲ್ಲವಲ್ಲ.

ಸೆಕ್ರೆಟರಿ ಪೈಪನ್ನು ತಟ್ಟಿದರು, ಮೂಸಿದರು. "ಇದರ ಇನ್ನೊಂದು ತುದಿ ಎಲ್ಲಿಗೆ ಕನೆಕ್ಷನ್ ಆಗಿದೆ?"

"ಶನಿಗ್ರಹಕ್ಕೆ."

"ತಮಾಷೆ ಬೇಡ ಸ್ವಾಮಿ!"

ಎರಡನೇ ಮಹಡಿಯ ಅಜ್ಜಿ ಮುಂದೆ ಬಂದರು. ಹೋದ ವರ್ಷ ಅವರನ್ನು ಕಣ್ಣಿನ ಪೊರೆ ತೆಗೆಸಲು ಕಳಿಸಿದ್ದೇ ಕನ್ನಡಕದವರು. "ನನಗೆ ಕಣ್ಣು ಕೊಡಿಸಿದೋನು ನೀರು ಕದೀತಾನಾ? ಸರಿಯಿರಿ, ನಾನೇ ನೋಡ್ತೀನಿ."

ಅಜ್ಜಿ ಕಣ್ಣಿಟ್ಟು, ಪೈಪನ್ನು ಒಂದಿಷ್ಟು ಎಡಕ್ಕೆ ಸರಿಸಿದರು. ಕೈಯಲ್ಲಿದ್ದ ಬಕೆಟ್ ಜಾರಿ ಉರುಳಿತು. "ಅಯ್ಯೋ ದೇವರೇ... ಅಷ್ಟು ದೂರದಲ್ಲಿ ಒಂದೇ ಒಂದು, ಉಂಗುರ ಹಾಕ್ಕೊಂಡು ನಿಂತಿದೆಯಲ್ಲೋ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನು ಕೇಳಬೇಕೆ? ಎಲ್ಲರಿಗೂ ಬೇಕಾಯಿತು. ನೂಕುನುಗ್ಗಲಾದಾಗ ಸೆಕ್ರೆಟರಿ ತಮಗೆ ಗೊತ್ತಿದ್ದ ಒಂದೇ ಕಾನೂನು ಹೊರಡಿಸಿದರು: ಬಕೆಟ್ ಇಟ್ಟವರಿಗೆ ಸರದಿ. ಬಕೆಟ್ ಇಲ್ಲದವರು ಅಲ್ಲಿ ಒಬ್ಬರೇ, ಕನ್ನಡಕದವರು. ಹಾಗಾಗಿ ಅವರು ಸಾಲಿನ ಕೊನೆಗೆ ಹೋದರು.

ಜಗಳಕ್ಕೆ ಬಂದಿದ್ದ ಒಬ್ಬೊಬ್ಬರೂ ನೋಡಿ, ಬಂದ ಕೆಲಸ ಮರೆತು ಈಚೆ ಬರುತ್ತಿದ್ದರು. ಕನ್ನಡಕದವರಿಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಕೊನೆಗೆ ಮುಂದೆ ಸೆಕ್ರೆಟರಿ ಒಬ್ಬರೇ ಉಳಿದರು. ಕನ್ನಡಕದವರು ಕೈಯನ್ನು ಅಂಗಿಗೆ ಒರೆಸಿ, ಕಣ್ಮುಚ್ಚಿ ಮುಗಿದರು. "ಅಪ್ಪಾ, ನಿನ್ನ ಪಾಲಿನದೂ ನಾನೇ ನೋಡ್ತೀನಿ." ಆ ಹೊತ್ತಿಗೆ ಸೆಕ್ರೆಟರಿಯವರ ಹೊಟ್ಟೆ ತಗುಲಿ ಪೈಪು ಅಲುಗಾಡಿದ್ದು, ಅವರು ಗಡಿಬಿಡಿಯಲ್ಲಿ ಅದನ್ನು ಬೆಳಕು ಕಂಡ ಕಡೆ ತಿರುಗಿಸಿದ್ದು ಕಣ್ಮುಚ್ಚಿದ್ದ ಕನ್ನಡಕದವರಿಗೆ ಗೊತ್ತಾಗಲಿಲ್ಲ.

ಕನ್ನಡಕದವರು ಬಗ್ಗಿ ಕಣ್ಣಿಟ್ಟರು. ಒಂದು ಬೆಳಕು. ಅದರ ಸುತ್ತ ಉಂಗುರ! ದುಂಡಗೆ, ನುಣ್ಣಗೆ, ಅಂಚಿನಲ್ಲಿ ಬಣ್ಣ ಬಣ್ಣವಾಗಿ. ಚಿತ್ರದಲ್ಲೂ ಇಷ್ಟು ಚೆಂದವಿರಲಿಲ್ಲ. ಐವತ್ತು ವರ್ಷದ ಆಸೆ ಕಣ್ಣಲ್ಲಿ ನೀರಾಗಿ ಇಳಿಯಿತು. "ಕಂಡೆ ಅಪ್ಪಾ, ಕಂಡೆ!"

"ನಾನು ಇನ್ನೊಂದ್ಸಲ ನೋಡ್ತೀನಪ್ಪಾ," ಎಂದು ಅಜ್ಜಿ ಬಂದು ಬಗ್ಗಿದರು. "ಇದ್ಯಾವ ಶನಿಯೋ? ಇದು ಆ ದೂರದ ಟವರಿನ ದೀಪ. ಪಕ್ಕದಲ್ಲಿ ಕಾಗೆ ಬೇರೆ ಕೂತಿದೆ."

ಸೆಕ್ರೆಟರಿ ತಮ್ಮ ಬಕೆಟ್ ಹುಡುಕತೊಡಗಿದರು.

"ಇಲ್ಲ ಅಜ್ಜೀ, ಉಂಗುರ ಇದೆ! ಸುತ್ತ, ಬಣ್ಣ ಬಣ್ಣದ್ದು..."

ಅಜ್ಜಿ ಅವರ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು. "ಆಪರೇಷನ್‌ಗೆ ಮುಂಚೆ ನನಗೂ ಎಲ್ಲಾ ದೀಪಕ್ಕೂ ಉಂಗುರ ಕಾಣ್ತಿತ್ತು. ದೇವರ ಮಹಿಮೆ ಅಂದ್ಕೊಂಡಿದ್ದೆ. 'ಅಲ್ಲಮ್ಮ, ಅದು ಪೊರೆ' ಅಂದಿದ್ದು ನೀನೇ ಅಲ್ವೇನಪ್ಪಾ?"

ಹೆಂಡತಿ ಹತ್ತಿರ ಬಂದು ಕೇಳಿದರು, "ಮತ್ತೆ ವರ್ಷಾ ವರ್ಷಾ ಬೋರ್ಡು ಓದ್ತೀನಿ ಅಂತಿದ್ರಿ?"

"ಓದ್ತೀನಿ ಕಣೇ. ನಲವತ್ತು ವರ್ಷದಿಂದ ಅದೇ ಬೋರ್ಡು," ಎಂದರು ಕನ್ನಡಕದವರು. "ಕಣ್ಮುಚ್ಚಿಕೊಂಡೂ ಓದ್ತೀನಿ."

ಅಷ್ಟರಲ್ಲಿ ಕೆಳಗೆ ಪಂಪು ಗುರ್ರೆಂದಿತು. ರಿಪೇರಿಯಾಗಿತ್ತು. ಬಕೆಟ್‌ಗಳೆಲ್ಲ ಮೆಟ್ಟಿಲಿಳಿದು ಓಡಿದವು. ಪಡುವಣದ ಕಟ್ಟಡ ಶನಿಯನ್ನು ಆಗಲೇ ಮರೆಮಾಡಿತ್ತು. ಗಂಡ ಹೆಂಡತಿ ಇಬ್ಬರೇ ಉಳಿದರು.

"ನಿನ್ನ ಸರದಿಯಲ್ಲಿ ಕಂಡಿತ್ತಲ್ಲ," ಎಂದರು ಕನ್ನಡಕದವರು. "ಹೇಗಿತ್ತು, ಹೇಳು."

ಹೆಂಡತಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. "ಬಟಾಣಿ ಕಾಳಿನಷ್ಟಿತ್ತು. ಉಂಗುರ ಅದಕ್ಕೆ ಅಂಟಿರಲಿಲ್ಲ, ನಡುವೆ ಕೂದಲೆಳೆಯಷ್ಟು ಕತ್ತಲೆ. ಉಜ್ಜಿದೋನು ಅವಸರ ಮಾಡಿಲ್ಲ ರೀ."

"ಇನ್ನೊಂದ್ಸಲ ಹೇಳು."

ಹೆಂಡತಿ ಮತ್ತೆ ಹೇಳಿದರು. ಮೂರನೇ ಸಲಕ್ಕೆ ಅದೂ ಕನ್ನಡಕದವರಿಗೆ ಬಾಯಿಪಾಠವಾಗಿತ್ತು.