ಭಾವನ ನಾಲ್ಕು ಡ್ರಮ್ ಸೆಟ್ಟುಗಳು

ತನ್ನ ಮದುವೆಯ ಆರತಕ್ಷತೆಗೆ ತಾನೇ ಗೈರುಹಾಜರಾದ ಮದುಮಗನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಚನ್ನಗಿರಿಗೆ ಬನ್ನಿ, ನಮ್ಮ ಭಾವನನ್ನು ತೋರಿಸುತ್ತೇನೆ.

ಓಡಿಹೋಗಿದ್ದರು ಅಂದುಕೊಳ್ಳಬೇಡಿ! ನ್ಯಾಮತಿಯ ನಮ್ಮ ಮನೆ ಮುಂದಿನ ಚಪ್ಪರದಲ್ಲೇ ಇದ್ದರು. ಆರ್ಕೆಸ್ಟ್ರಾದ ಡ್ರಮ್ಮಿನವನು ತಾಳ ಎಳೆಯುತ್ತಿದ್ದಾನೆಂದು ಒಂದೆರಡು ಹಾಡು ಹಲ್ಲು ಕಚ್ಚಿ ಸಹಿಸಿದರು. ಆಮೇಲೆ ಪೇಟ ತೆಗೆದು ತಮ್ಮ ಕುರ್ಚಿಯ ಮೇಲಿಟ್ಟು, ನೇರ ಹೋಗಿ ಅವನನ್ನು ಎಬ್ಬಿಸಿ ತಾವೇ ಕೂತರು. ಕೊನೆಯ ಪಂಕ್ತಿ ಏಳುವವರೆಗೂ ಏಳಲಿಲ್ಲ. ಹೀಗಾಗಿ ನಮ್ಮ ಆಲ್ಬಮ್ಮಿನ ಫೋಟೊಗಳಲ್ಲೆಲ್ಲ ನಮ್ಮಕ್ಕ, ಪಕ್ಕದಲ್ಲೊಂದು ಕುರ್ಚಿ, ಕುರ್ಚಿಯ ಮೇಲೆ ಪೇಟ!

"ನಾನು ಪೇಟಾನ ಮದುವೆ ಆದೋಳು" ಎಂದು ಅಕ್ಕ ಇಂದಿಗೂ ಚುಚ್ಚುತ್ತಾಳೆ.

ಭಾವನಿಗೆ ಹೊಟ್ಟೆಪಾಡಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಆದರೆ ಜೀವ ಇದ್ದದ್ದು ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ. ಹೊನ್ನಾಳಿ, ಜಗಳೂರು ಎಂದು ಕರೆದಲ್ಲಿಗೆಲ್ಲ ಹೋಗಿ ಬಾರಿಸಿ ಬರುತ್ತಿದ್ದರು. ಅಕ್ಕ ಮನೆಯಲ್ಲಿ. ಆಮೇಲೆ ಡಿಜೆ ಡಬ್ಬಗಳು ಬಂದವು, ಆರ್ಕೆಸ್ಟ್ರಾಗಳು ಒಂದೊಂದಾಗಿ ಮುಚ್ಚಿದವು. ಮುಚ್ಚಿದ ತಂಡದ ಡ್ರಮ್ ಸೆಟ್ಟನ್ನು ಭಾವ ತಬ್ಬಲಿ ಕೂಸನ್ನು ಎತ್ತಿ ತರುವಂತೆ ಮನೆಗೆ ತಂದರು. ಊರಿನ ಹೆಸರನ್ನೇ ಇಟ್ಟರು: ಚನ್ನಗಿರಿ ಸೆಟ್ಟು, ಹೊನ್ನಾಳಿ ಸೆಟ್ಟು, ಜಗಳೂರು ಸೆಟ್ಟು. ಎಲ್ಲಕ್ಕಿಂತ ಹಳೆಯದು ನ್ಯಾಮತಿ ಸೆಟ್ಟು. ಆರತಕ್ಷತೆ ದಿನ ಬಾರಿಸಿದರಲ್ಲ, ಅದೇ! ಅದನ್ನು ಮಾತ್ರ ಅಕ್ಕನ ಎದುರು ಮುಟ್ಟುವ ಧೈರ್ಯ ಮಾಡಲಿಲ್ಲ. ಮೇಲೊಂದು ದುಪ್ಪಟಿ ಹೊದಿಸಿ ಮೂಲೆಯಲ್ಲಿ ಮಲಗಿಸಿದ್ದರು.

ಲಗ್ನದ ಕಾಲ ಬರುತ್ತಿದ್ದಂತೆ ಉಳಿದವುಗಳ ತಿರುಪು ಬಿಗಿಮಾಡಿ, ಧೂಳು ಒರೆಸಿ, ಫೋನನ್ನು ಕಣ್ಣೆದುರಿಗೇ ಇಟ್ಟುಕೊಂಡು ಕೂರುವರು. "ಈ ಸಲ ಯಾರಾದ್ರೂ ಕರೀತಾರೆ ನೋಡು." ಯಾರೂ ಕರೆಯುತ್ತಿರಲಿಲ್ಲ. ಲಗ್ನದ ಕಾಲ ಮುಗಿದ ಮೇಲೆ ತಿರುಪು ಸಡಿಲ ಮಾಡುವರು.

ತಾಳದ ಹುಚ್ಚು ಮಾತ್ರ ಸಡಿಲವಾಗಲಿಲ್ಲ. ಒಮ್ಮೆ ನನ್ನ ಜೊತೆ ಬಸ್ಸಿನಲ್ಲಿ ಬರುವಾಗ ಬಸವಾಪಟ್ಟಣದಲ್ಲಿ ಧಡಕ್ಕನೆ ಇಳಿದುಬಿಟ್ಟರು. ನನಗೆ ಎದೆ ಧಸಕ್! ಏನಾಯ್ತು, ಎದೆನೋವೇ?

"ಎದೆನೋವಲ್ಲಪ್ಪ, ಆ ಕಿಟಕಿ ಗಾಜು ಬಡ್ಕೊಳ್ಳಾದು ಕೇಳಿದ್ಯಾ? ಒಂದೇ ಒಂದ್ಸಲನಾದ್ರೂ ತಾಳಕ್ಕೆ ಬೀಳಬಾರ್ದಾ?"

ಮುಂದಿನ ಬಸ್ಸಿಗೆ ಬಂದೆವು. ಅದರ ಗಾಜು ಭಾವನಿಗೆ ಒಪ್ಪಿಗೆಯಾಯಿತು.

ಹೀಗಿರಲು ಅಕ್ಕನ ಮಂಡಿ ಕೈಕೊಟ್ಟಿತು. ಮಲಗುವ ಕೋಣೆ ಇದ್ದದ್ದು ಮಹಡಿಯಲ್ಲಿ. ಕೆಳಗಿನ ಒಂದೇ ಕೋಣೆಯಲ್ಲಿ ನಾಲ್ಕು ಸೆಟ್ಟುಗಳ ಸಂಸಾರ! ಅಕ್ಕನ ಮಂಚ ಕೆಳಗೆ ಬರಬೇಕಾದರೆ ಅವು ಹೊರಡಬೇಕು. ಬಹಳವೆಂದರೆ ಒಂದು, ಮಂಚದ ಪಕ್ಕ ಒತ್ತರಿಸಿಕೊಂಡು ಇರಬಹುದು. ಯಾವುದು? ತೀರ್ಮಾನಕ್ಕೆ ನನ್ನನ್ನು ಕರೆಸಿದರು. ನಾನೋ, ಮನೆಗೆ ಬೀಗ ಹಾಕಿದೆನಾ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ನೋಡಿಬರುವ ಗಿರಾಕಿ. ನನ್ನಿಂದ ತೀರ್ಮಾನ! ರಾತ್ರಿಯೆಲ್ಲ ಚಿಂತಿಸಿ, ಬಿ.ಪಿ. ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಕೊಳ್ಳಲು ಬಂದವರು ಹೊನ್ನಾಳಿಯಲ್ಲಿ ಮಕ್ಕಳಿಗೆ ಸಂಗೀತದ ಕ್ಲಾಸು ನಡೆಸುವ ಮೇಡಂ. ಲಗೇಜ್ ಆಟೋವನ್ನೂ ಜೊತೆಗೇ ತಂದಿದ್ದರು. ಭಾವ ಉಪ್ಪಿಟ್ಟು ಕೊಡಿಸಿ, ಗಂಡಿನ ಕಡೆಯವರನ್ನು ವಿಚಾರಿಸುವಂತೆ ಶುರುಮಾಡಿದರು.

"ನಿಮ್ಮ ಕ್ಲಾಸಿನಾಗೆ ಗೋಡೆಗೆ ತೇವ ಐತೇನ್ರಿ?"

"ಇಲ್ಲ ಸರ್."

"ಹುಡುಗ್ರು ಜೋರಾಗಿ ಬಾರಿಸ್ತಾರಾ?"

"ಮಕ್ಕಳಲ್ವಾ ಸರ್, ಜೋರಾಗೇ ಬಾರಿಸ್ತಾರೆ."

"ಜೋರಾಗಿ ಬಾರಿಸ್ಲಿ. ಸಿಟ್ಟಿನಾಗೆ ಬಾರಿಸ್ಬಾರ್ದು."

ಮೇಡಂ ಜಗಳೂರು ಸೆಟ್ಟನ್ನು ತಟ್ಟಿ, "ಇದು ಚೆನ್ನಾಗೈತೆ ಸರ್" ಅಂದರು.

"ಎಲ್ಲಿ ಚೆನ್ನಾಗೈತ್ರಿ? ಮಳೆಗಾಲದಾಗೆ ಗಂಟಲು ಕಟ್ಟುತ್ತೆ!"

ಮೇಡಂ ಪಾಪ, ಪಕ್ಕದ ಸೆಟ್ಟಿಗೆ ಸರಿದರು. ಭಾವನ ಮುಖ ಕೆಂಪಾಯಿತು. "ಯಾಕ್ರಿ, ಜಗಳೂರಿಂದಕ್ಕೇನಾಗೈತೆ? ಅಂಥ ದನಿ ಎಲ್ಲಿ ಸಿಗುತ್ತೆ ನಿಮಗೆ?"

ಒಳಗಿನಿಂದ ಅಕ್ಕ ಕೂಗಿದಳು: "ಮೇಡಂ, ಅವರನ್ನೂ ಸೇರಿಸೇ ತಗೊಂಡು ಹೋಗ್ರಿ! ಮಂಚ ಬೇಗ ಹಾಕಬಹುದು!"

ಅಂತೂ ಮಧ್ಯಾಹ್ನದ ಹೊತ್ತಿಗೆ ಚನ್ನಗಿರಿ, ಜಗಳೂರು ಎರಡೂ ಆಟೋ ಹತ್ತಿದವು. ಭಾವ ಒಂದೊಂದಕ್ಕೂ ಗೋಣಿಚೀಲ ಒತ್ತಿ, "ಹೊಂಡದಾಗೆ ನಿಧಾನ" ಎಂದು ಡ್ರೈವರಿಗೆ ಹೇಳಿದರು. ಉಳಿದವು ಎರಡು. ಹೊನ್ನಾಳಿ ಸೆಟ್ಟು ಫಳಫಳ ಹೊಳೆಯುತ್ತಿತ್ತು. ನ್ಯಾಮತಿಯದಕ್ಕೆ ಸಿಂಬಲ್ಲಿನ ಹಿತ್ತಾಳೆ ತಟ್ಟೆ ಸೀಳಿತ್ತು, ಬಣ್ಣ ಹೋಗಿತ್ತು. ಆದರೂ ಇವರು ಅದನ್ನು ಬಿಡುವವರಲ್ಲ, ಈಗ ಜಗಳ ಗ್ಯಾರಂಟಿ ಎಂದು ನಾನು ಮಾತ್ರೆಗೆ ಕೈಹಾಕಿದೆ. ಭಾವ ಸದ್ದಿಲ್ಲದೆ ದುಪ್ಪಟಿ ತೆಗೆದು, ನ್ಯಾಮತಿ ಸೆಟ್ಟನ್ನೇ ಎತ್ತಿಕೊಂಡು ಹೋಗಿ ಆಟೋದಲ್ಲಿಟ್ಟರು.

"ಭಾವಾ, ಅದು..."

"ಹೋಗ್ಲಿ ಬಿಡಪ್ಪ. ನಿಮ್ಮಕ್ಕಂಗೆ ಅದನ್ನ ಕಂಡ್ರೆ ಆಗಲ್ಲ. ಇನ್ಮೇಲೆ ಮಲಗಿ ಎದ್ರೆ ಅದರ ಮುಖಾನೇ ನೋಡ್ಬೇಕಾ ಅವಳು?"

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ರೀ, ಅದನ್ನ ಇಳಿಸ್ರಿ."

"ನಿನಗೆ ಆಗಲ್ಲ ಅಂತ..."

"ಆಗಲ್ಲ ಅಂತ ನಾನ್ಯಾವಾಗ ಹೇಳ್ದೆ?"

"ದಿನಾ ಹೇಳ್ತೀಯಲ್ಲೇ!"

"ಅದು ಪೇಟದ ಮಾತು. ಡ್ರಮ್ಮಿಂದಲ್ಲ." ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ಅವತ್ತು ಇಡೀ ಚಪ್ಪರ ಕೇಳ್ತು. ನನಗೆಲ್ಲಿ ಕೇಳಾಕೆ ಬಿಟ್ರು? ಒಬ್ಬರಾದ ಮೇಲೆ ಒಬ್ಬರು ಬಂದು ಮುಯ್ಯಿ ಕೈಗಿಡೋದು, 'ಗಂಡ ಎಲ್ಲವ್ವಾ' ಅನ್ನೋದು. ಅವರಿಗೆ ಉತ್ತರ ಹೇಳಾದ್ರಾಗೇ ಮುಗಿದುಹೋತು. ಆಮೇಲೆ ನೀವು ಅದಕ್ಕೆ ದುಪ್ಪಟಿ ಹೊದಿಸಿಬಿಟ್ರಿ."

ಭಾವ ನ್ಯಾಮತಿ ಸೆಟ್ಟನ್ನು ತಾವೇ ಇಳಿಸಿ ಕೋಣೆಗೆ ಒಯ್ದರು. ಹೊನ್ನಾಳಿಯದನ್ನು ಹತ್ತಿಸಿ, "ತವರಿಗೆ ಹೋಗ್ಲಿ" ಎಂದು ಅದರ ಬೆನ್ನು ತಟ್ಟಿದರು. ಮೇಡಂ ಹೊರಟರು.

ತೆರವಾದ ಕೋಣೆಗೆ ಇನ್ನೂ ಮಂಚ ಬಂದಿರಲಿಲ್ಲ. ಅಕ್ಕ ನನ್ನ ಕೈಲಿ ಎರಡು ಕುರ್ಚಿ ಹಾಕಿಸಿ, ಒಂದರಲ್ಲಿ ಕೂತಳು. ಭಾವ ಹೆಗಲ ಮೇಲಿನ ಟವಲನ್ನು ಅವಳ ಕೈಗೆ ಕೊಟ್ಟು ಡ್ರಮ್ಮಿನ ಹಿಂದೆ ಕೂತರು. ಶುರುಮಾಡಿದರು. ಕೈ ಮೊದಲಿನಂತಿಲ್ಲ. ನನ್ನಂಥ ಕಿವುಡನಿಗೂ ಗೊತ್ತಾಗುವಷ್ಟು ತಾಳ ಎಳೆಯುತ್ತಿತ್ತು. ಈ ಮನುಷ್ಯ ಈಗ ತನ್ನನ್ನು ತಾನೇ ಎಬ್ಬಿಸಿಬಿಟ್ಟರೇನು ಗತಿ ಎಂದು ನನಗೆ ದಿಗಿಲು. ಅವರು ಏಳಲಿಲ್ಲ. ಅಕ್ಕನ ಕಡೆ ನೋಡುತ್ತಾ ಬಾರಿಸುತ್ತಲೇ ಇದ್ದರು.

ಬೆಳಗಿನಿಂದ ನಿಂತು ನನ್ನ ಕಾಲೂ ಸೋತಿತ್ತು. ಇನ್ನೊಂದು ಕುರ್ಚಿಯಲ್ಲಿ ಕೂರೋಣವೆಂದು ಹತ್ತಿರ ಹೋದೆ. ಅಕ್ಕ ಡ್ರಮ್ಮಿನಿಂದ ಕಣ್ಣು ಕೀಳದೆ, ಕೈಯಲ್ಲಿದ್ದ ಟವಲನ್ನು ಆ ಕುರ್ಚಿಯ ಮೇಲಿಟ್ಟಳು.

ನಾನು ನಿಂತೇ ಕೇಳಿದೆ.