ಚೂಡಾಮಣಿಯವರ ಮರುಪರೀಕ್ಷೆ

ಹೊಸ ಚಿಕಿತ್ಸೆಗೆ ಆಸ್ಪತ್ರೆಯವರು ರೋಗಿಗಳನ್ನು ಆಯ್ಕೆ ಮಾಡುವ ವಿಷಯವನ್ನು ಚೂಡಾಮಣಿಯವರು ಪಕ್ಕದ ಮನೆಯ ಶೈಲಜಮ್ಮನಿಗೆ ಹೇಳಬಾರದಿತ್ತು. ಬಸವನಗುಡಿಯ ಮಕ್ಕಳಿಗೆಲ್ಲ ಲೆಕ್ಕ ಕಲಿಸಿ ನಿವೃತ್ತರಾದ ಶೈಲಜಮ್ಮನ ಪಾಲಿಗೆ ಆಯ್ಕೆ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಪಾಸಾಗಲೇಬೇಕು.

ಪಾರ್ಕಿನ್ಸನ್ ಕಾಯಿಲೆ ಚೂಡಾಮಣಿಯವರ ಬಲಗೈಯ ಹಿಡಿತವನ್ನು ಆಗಲೇ ಕಿತ್ತುಕೊಂಡಿತ್ತು. ಮಿದುಳಿನಲ್ಲಿ ಅಳಿದುಳಿದ ನರಕೋಶಗಳು ಸಾಯದಂತೆ ಕಾಯುವ ಜೀನ್ ಒಂದನ್ನು ಒಳಗೆ ಸೇರಿಸುವ ಪ್ರಯೋಗ ನಡೆಯುತ್ತಿತ್ತು. ಅದರಲ್ಲಿ ಉಳಿದದ್ದು ಒಂದೇ ಜಾಗ. “ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬನ್ನಿ, ಕಾಯಿಲೆ ಹೇಗಿದೆಯೋ ಹಾಗೇ ನೋಡ್ಬೇಕು” ಎಂದಿದ್ದರು ಡಾಕ್ಟರ್ ಮೈತ್ರೇಯಿ.

ಬೆಳಿಗ್ಗೆ ಮೈಯೆಲ್ಲ ಗಂಜಿ ಹಾಕಿದ ಸೀರೆಯಂತೆ ಸೆಟೆದಿತ್ತು. ಶೈಲಜಮ್ಮ ಬಟ್ಟಲು ಹಿಡಿದು ಬಂದರು.

“ಬಾಯಿ ತೆಗೀರಿ. ಮೊಸರು ಸಕ್ಕರೆ ತಿನ್ನದೆ ಯಾರಾದ್ರೂ ಪರೀಕ್ಷೆಗೆ ಹೋಗ್ತಾರಾ?”

ಆಟೋದಲ್ಲೂ ಪಾಠ ನಿಲ್ಲಲಿಲ್ಲ. “ಬೆರಳಿಗೆ ಬೆರಳು ತಟ್ಟಿ. ಬೇಗ! ಗಾಳೀಲಿ ಸುರುಳಿ ಬರೀರಿ.”

“ಡ್ಯಾನ್ಸ್ ಕ್ಲಾಸಾ ಅಮ್ಮಾ?” ಎಂದ ಆಟೋದವನು.

“ನೀನು ರಸ್ತೆ ನೋಡಪ್ಪ!”

ಆಸ್ಪತ್ರೆಯಲ್ಲಿ ಚೂಡಾಮಣಿಯವರಿಗೇ ಆಶ್ಚರ್ಯ. ಕೈ ಹೇಳಿದ ಮಾತು ಕೇಳಿತು. ಬರೆದ ಸುರುಳಿ ಅಚ್ಚಿನಿಂದ ಇಳಿದ ಚಕ್ಕುಲಿಯಂತಿತ್ತು.

“ತುಂಬಾ ಚೆನ್ನಾಗಿದೀರಿ ಅಮ್ಮ. ಇದಕ್ಕಿಂತ ಜಾಸ್ತಿ ಕಾಯಿಲೆ ಇರೋರಿಗೆ ಈ ಚಿಕಿತ್ಸೆ” ಎಂದರು ಡಾಕ್ಟರ್.

ಹೊರಗೆ ಬಂದು ಹೇಳಿದಾಗ ಶೈಲಜಮ್ಮನ ಮುಖ ಬಿಳಿಚಿತು. “ನಡುಗಿದ್ರೆ ಫೇಲ್ ಮಾಡ್ತಾರೆ ಅಂದ್ಕೊಂಡೆ ಕಣ್ರೀ. ನಿಮ್ಮ ಡಬ್ಬಿಯಿಂದ ಮಾತ್ರೆ ತಗೊಂಡು ಮೊಸರಿಗೆ ಪುಡಿ ಮಾಡಿ ಹಾಕಿದ್ದೆ.”

ಚೂಡಾಮಣಿಯವರು ಡಾಕ್ಟರ ಕೋಣೆಯತ್ತ ತಿರುಗಿದರು. ಇದೇ ಕಾಯಿಲೆಯಲ್ಲಿ ಅವರ ಅಣ್ಣ ಕೊನೆಗೆ ನೀರು ನುಂಗಲಾರದೆ ತೀರಿಹೋಗಿದ್ದರು.

“ಇರೋ ವಿಷಯ ಹೇಳ್ಬಿಡೋಣ.”

“ಹೇಳಿದ್ರೆ ನಿಯಮ ಮುರಿದ್ರಿ ಅಂತ ಮನೆಗೆ ಕಳಿಸ್ತಾರೆ. ಇನ್ನೊಂದು ಸಲ ನೋಡಿ ಅಂತ ಕೇಳಿ. ಈ ಸಲ ನಡುಗ್ಸಿ. ನಾನು ಬಾಗಿಲಲ್ಲೇ ನಿಂತಿರ್ತೀನಿ.”

ಡಾಕ್ಟರ್ ಒಪ್ಪಿದರು. ಆದರೆ ಮಾತ್ರೆಯ ಬಲ ಇಳಿಯುವ ಮೊದಲೇ ಒಳಗೆ ಕರೆದರು. ಜೀವನದಲ್ಲಿ ಒಂದು ಸುಳ್ಳು ರಜೆಯನ್ನೂ ಹಾಕದ ಚೂಡಾಮಣಿಯವರು ಬಲಗೈ ಅಲ್ಲಾಡಿಸತೊಡಗಿದರು. ಗಾಜಿನ ಬಾಗಿಲಾಚೆ ಶೈಲಜಮ್ಮ ‘ಇನ್ನೂ, ಇನ್ನೂ’ ಎಂದು ಸನ್ನೆ ಮಾಡುತ್ತಿದ್ದರು.

“ಎಡಗೈಯಲ್ಲಿ ಮೇಜಿನ ಮೇಲೆ ತಾಳ ಹಾಕಿ” ಎಂದರು ಡಾಕ್ಟರ್. ಎಡಗೈ ತಾಳ ಹಾಕಿತು. ಬಲಗೈ ವಿಧೇಯವಾಗಿ ಅದೇ ತಾಳಕ್ಕೆ ಕುಣಿಯಿತು. ಎಡಗೈ ನಿಂತಿತು. ಬಲಗೈಯೂ ನಿಂತಿತು.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ನಿಜವಾದ ನಡುಕ ಇನ್ನೊಂದು ಕೈಯ ತಾಳಕ್ಕೆ ಕುಣಿಯಲ್ಲ ಅಮ್ಮ. ಬೇಜಾರು ಮಾಡ್ಕೋಬೇಡಿ, ನಟನೆ ಮಾಡೋರನ್ನ ಸೇರಿಸ್ಕೊಳ್ಳೋಕಾಗಲ್ಲ.” ಆ ಜಾಗಕ್ಕೆ ಮುಂದಿನವರನ್ನು ಕಳಿಸಿ ಎಂದು ನರ್ಸಿಗೆ ಹೇಳಿ ಕಂಪ್ಯೂಟರಿನತ್ತ ತಿರುಗಿದರು.

ಆಗ ಚೂಡಾಮಣಿಯವರ ಮಡಿಲಲ್ಲಿ ಬಲಗೈಯ ಹೆಬ್ಬೆರಳು ಮೆಲ್ಲಗೆ ಮಿಸುಕಿತು. ಬೆರಳುಗಳು ಹಿಂಬಾಲಿಸಿದವು. ಮಣಿಕಟ್ಟಿಗೆ ಹತ್ತಿದ ನಡುಕಕ್ಕೆ ಬಳೆಗಳು ಕಿಣಿಗುಟ್ಟತೊಡಗಿದವು.

“ಸಾಕು ನಿಲ್ಲಿಸಿ ಅಮ್ಮ” ಎಂದರು ಡಾಕ್ಟರ್, ತಿರುಗಿ ನೋಡದೆ.

ನಿಲ್ಲಿಸಲು ಚೂಡಾಮಣಿಯವರು ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರು. ಎರಡೂ ನಡುಗಿದವು. ಗಾಜಿನಾಚೆ ಶೈಲಜಮ್ಮ ಹೆಬ್ಬೆರಳೆತ್ತಿ, ‘ಹಾಂ, ಈಗ ಸರಿಯಾಗಿ ಬಂತು’ ಎಂದು ತಲೆಯಾಡಿಸುತ್ತಿದ್ದರು.